ಬೆಲ್ಟ್ ಕಿರುಚುವುದು ಯಾವಾಗ?

ಕೇಳುಗರಿಗೆ ನಮಸ್ಕಾರ.

ಹಳೆಯ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿಂದ ಕಿವಿ ಕೊರೆಯುವ ಕಿರುಚಾಟ. ಒಂದು ನಿಮಿಷ ಕಳೆದರೆ ತಾನಾಗಿಯೇ ನಿಲ್ಲುತ್ತದೆ. ಇದು ಫ್ಯಾನ್ ಬೆಲ್ಟಿನ ಸದ್ದು ಎಂದು ಬಹಳ ಜನಕ್ಕೆ ಗೊತ್ತಿರುತ್ತದೆ. ಗೊತ್ತಾದ ಮೇಲೆ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಸುತ್ತಾರೆ, ಇಲ್ಲವೇ ಅದರ ಮೇಲೆ ಏನಾದರೂ ಸ್ಪ್ರೇ ಹೊಡೆಯುತ್ತಾರೆ. ಸ್ಪ್ಯಾನರ್ ಹಿಡಿಯುವ ಮೊದಲು ದಯವಿಟ್ಟು ಒಂದು ವಿಷಯ ಗಮನಿಸಿ: ಆ ಸದ್ದು ಯಾವಾಗ ಬರುತ್ತದೆ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬೆಲ್ಟ್ ಕಿರುಚುವುದು ಜಾರಿದಾಗ. ಪುಲ್ಲಿಯ, ಅಂದರೆ ಬೆಲ್ಟ್ ಸುತ್ತುವ ಗಾಲಿಯ, ಮೇಲೆ ರಬ್ಬರು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಅದುರುತ್ತದೆ. ನಮಗೆ ಕೇಳುವುದು ಆ ಅದುರು. ಸಾಮಾನ್ಯವಾಗಿ ಮೊದಲು ಜಾರುವುದು ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನ ಪುಲ್ಲಿಯಲ್ಲಿ. ಆ ಪುಲ್ಲಿ ಚಿಕ್ಕದು, ಬೆಲ್ಟಿಗೆ ಅಲ್ಲಿ ಅಪ್ಪಿ ಹಿಡಿಯಲು ಸಿಗುವ ಜಾಗವೂ ಕಡಿಮೆ. ಸ್ಟಾರ್ಟರ್ ಮೋಟಾರು ಬ್ಯಾಟರಿಯಿಂದ ಎಳೆದುಕೊಂಡ ಕರೆಂಟನ್ನು ಮತ್ತೆ ತುಂಬಬೇಕಾದ್ದರಿಂದ ಮೊದಲ ಒಂದೆರಡು ನಿಮಿಷ ಆಲ್ಟರ್ನೇಟರ್ ಮೇಲೆ ಲೋಡ್ ಹೆಚ್ಚು. ಹಾಗಾಗಿ ಬೆಳಗಿನ ಹೊತ್ತು ಮಾತ್ರ ಕೂಗುವ ಗಾಡಿಯಲ್ಲಿ ಬೆಲ್ಟಿನ ಜೊತೆಗೆ ಬ್ಯಾಟರಿಯನ್ನೂ ನೋಡಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಮೀಟರಿನಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಎಂದರೆ ಹತ್ತಿರ ಹತ್ತಿರ ಅರ್ಧ ಖಾಲಿ. ಇಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.5 ಬರಬೇಕು. ಅದು ಬಾರದಿದ್ದರೆ ಬೆಲ್ಟ್ ಜಾರಿ ಚಾರ್ಜ್ ಆಗುತ್ತಿಲ್ಲ, ಇಲ್ಲವೇ ಆಲ್ಟರ್ನೇಟರಿನಲ್ಲೇ ದೋಷವಿದೆ.

ಎಸಿ ಹಾಕಿದ ಕ್ಷಣ ಕಿರುಚಿದರೆ ಕಂಪ್ರೆಸರ್ ತಿರುಗಿಸುವ ಬೆಲ್ಟ್. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಕಿರುಚಿದರೆ ಪವರ್ ಸ್ಟೀರಿಂಗ್ ಪಂಪಿನ ಬೆಲ್ಟ್. ಪರೀಕ್ಷೆಗೆಂದು ಹಾಗೆ ತಿರುಗಿಸಿ ಹಿಡಿದರೆ ಐದು ಸೆಕೆಂಡ್ ಸಾಕು, ಹೆಚ್ಚಾದರೆ ಪಂಪಿನ ಎಣ್ಣೆ ಕಾಯುತ್ತದೆ. ಬಹಳಷ್ಟು ಹಳೆಯ ಗಾಡಿಗಳಲ್ಲಿ ಒಂದೊಂದಕ್ಕೂ ಬೇರೆ ಬೆಲ್ಟ್ ಇರುವುದರಿಂದ ಈ ಪರೀಕ್ಷೆಯಿಂದಲೇ ಯಾವ ಬೆಲ್ಟು ಎಂದು ತಿಳಿಯುತ್ತದೆ. ನೀರು ಸಿಡಿದಾಗ ಮಾತ್ರ ಕೂಗಿ, ಒಣಗಿದ ಮೇಲೆ ಸುಮ್ಮನಾದರೆ ಬೆಲ್ಟ್ ಸ್ವಲ್ಪ ಸಡಿಲ, ಇಲ್ಲವೇ ಸವೆದಿದೆ.

ಸದ್ದಿನ ಬಗೆಯನ್ನೂ ಕಿವಿಗೊಟ್ಟು ಕೇಳಿ. ಉದ್ದಕ್ಕೆ ಎಳೆದ ಕೂಗು ಜಾರುವಿಕೆಯದು. ಹಕ್ಕಿ ಉಲಿದಂತೆ ಚಿಕ್ ಚಿಕ್ ಎಂದು ಬಿಟ್ಟು ಬಿಟ್ಟು ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ, ಬೆಲ್ಟ್ ಓರೆಯಾಗಿ ಗ್ರೂವಿಗೆ, ಅಂದರೆ ಪುಲ್ಲಿಯ ಕಾಲುವೆಯಂಥ ಸಾಲಿಗೆ, ಇಳಿಯುತ್ತಿದೆ. ಗೊರ ಗೊರ ಎಂದರೆ ಬೇರಿಂಗ್ ಮೇಲೆ ಅನುಮಾನ ಬರಬೇಕು.

ಇವನ್ನು ಬೇರ್ಪಡಿಸಲು ನೀರು ಸಾಕು. ಆಕ್ಸಿಲರೇಟರ್ ಒತ್ತದೆ ಇಂಜಿನ್ ಐಡಲಿನಲ್ಲಿರಲಿ. ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಒಳಮೈಗೆ, ಅಂದರೆ ಪುಲ್ಲಿಗೆ ತಾಗುವ ಮೈಗೆ, ದೂರದಿಂದ ಸ್ವಲ್ಪ ಸಾದಾ ನೀರು ಹೊಡೆಯಿರಿ. ಕೂಗು ಜೋರಾದರೆ ಟೆನ್ಷನ್, ಅಂದರೆ ಬೆಲ್ಟಿನ ಬಿಗಿ, ಸಾಲದು. ಒಂದು ಗಳಿಗೆ ನಿಂತು ಮತ್ತೆ ಶುರುವಾದರೆ ಪುಲ್ಲಿ ಓರೆಯಾಗಿದೆ. ಸೆರಗು, ದುಪಟ್ಟಾ, ಸಡಿಲ ತೋಳು, ಬಳೆ, ಕೂದಲು, ಇವು ಯಾವುವೂ ಬಾನೆಟ್ಟಿನೊಳಗೆ ಬಾಗಬಾರದು. ಇಂಜಿನ್ ಆಫ್ ಆಗಿದ್ದರೂ ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್ ಕೆಲವು ಗಾಡಿಗಳಲ್ಲಿ ತಾನಾಗಿ ಶುರುವಾಗುತ್ತದೆ. ಕೈ ಹಾಕುವ ಮುನ್ನ ಇಂಜಿನ್ ನಿಲ್ಲಿಸಿ ಬ್ಯಾಟರಿಯ ನೆಗೆಟಿವ್ ವೈರ್ ತೆಗೆದಿಡಿ.

ಬೇರಿಂಗ್ ಅನುಮಾನವಿದ್ದರೆ ತಣ್ಣಗಿರುವ ಇಂಜಿನ್ನಿನಲ್ಲಿ ಬೆಲ್ಟನ್ನು ತೆಗೆದು, ಬ್ಯಾಟರಿ ವೈರ್ ಮತ್ತೆ ಜೋಡಿಸಿ, ಅರ್ಧ ನಿಮಿಷ ಮಾತ್ರ ಓಡಿಸಿ. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪೂ ಅದೇ ಬೆಲ್ಟಿನಿಂದ ತಿರುಗುತ್ತದೆ. ಸದ್ದು ಹೋದರೆ ದೋಷ ಬೆಲ್ಟಿನ ದಾರಿಯಲ್ಲೇ ಇದೆ. ಇಂಜಿನ್ ನಿಲ್ಲಿಸಿ, ಬ್ಯಾಟರಿ ವೈರ್ ಮತ್ತೆ ತೆಗೆದು, ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಮರಳು ಸಿಕ್ಕಿಕೊಂಡಂತೆ ಒರಟಾಗಿ ತಿರುಗುವುದು, ಅತ್ತಿತ್ತ ಅಲುಗಾಡುವುದು, ಪಂಪಿನ ಕೆಳಗೆ ಕೂಲೆಂಟ್ ಕಲೆ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಆ ಭಾಗ ಬದಲಿಸಬೇಕು. ಇಂಜಿನ್ನಿನಿಂದ ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯನ್ನು ಮರೆಯಬೇಡಿ. ಕೆಲವು ಗಾಡಿಗಳಲ್ಲಿ ಅದರ ನಡುಭಾಗಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರಿರುತ್ತದೆ. ಎರಡಕ್ಕೂ ಸೇರಿಸಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಬೆಲ್ಟ್ ಹಾಕಿ ಗಾಡಿ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ರಬ್ಬರು ಬಿಟ್ಟಿದೆ. ಎಷ್ಟು ಹೊಸ ಬೆಲ್ಟ್ ಹಾಕಿದರೂ ಅಂಥ ಗಾಡಿಯ ಸದ್ದು ನಿಲ್ಲುವುದಿಲ್ಲ.

ತೆಗೆದ ಬೆಲ್ಟನ್ನು ಬೆಳಕಿಗೆ ಹಿಡಿದು, ಒಳಮೈ ಹೊರಗೆ ಬರುವಂತೆ ಬಗ್ಗಿಸಿ ನೋಡಿ. ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟ ಬೆಲ್ಟ್. ಬಿಗಿ ಮಾಡಿದರೂ ಹಿಡಿಯುವುದಿಲ್ಲ. ಹಳೆಯ ರಬ್ಬರಿನ ಬೆಲ್ಟಿನಲ್ಲಿ ಬಿರುಕು ಬಿಡುತ್ತದೆ. ಈಗ ಬರುವ ಇಪಿಡಿಎಂ ಎಂಬ ಕೃತಕ ರಬ್ಬರಿನ ಬೆಲ್ಟುಗಳು ಬೇಗ ಬಿರುಕು ಬಿಡದೆ ಸವೆಯುತ್ತವೆ, ಆದ್ದರಿಂದ ಬಿರುಕಿಲ್ಲ ಎಂದು ನಂಬಿ ಕೂರುವ ಹಾಗಿಲ್ಲ. ವಿ-ಬೆಲ್ಟ್, ಅಂದರೆ ತಳ ಕಿರಿದಾದ ವಿ ಆಕಾರದ ಬೆಲ್ಟ್, ಪಕ್ಕದ ಇಳಿಜಾರಿನಿಂದ ಹಿಡಿಯಬೇಕು, ತಳದಿಂದಲ್ಲ. ಪುಲ್ಲಿಯ ಗ್ರೂವಿನ ತಳ ಬೆಳ್ಳಿಯಂತೆ ಮಿನುಗುತ್ತಿದ್ದರೆ ಬೆಲ್ಟೋ ಗ್ರೂವೋ ಸವೆದು, ಬೆಲ್ಟ್ ತಳಕ್ಕೆ ಕೂತಿದೆ. ಎಣ್ಣೆಯಲ್ಲಿ ನೆಂದ ಬೆಲ್ಟನ್ನು ತೊಳೆದು ಮತ್ತೆ ಹಾಕಬೇಡಿ. ಮೊದಲು ಎಣ್ಣೆ ಸೋರುವುದನ್ನು ನಿಲ್ಲಿಸಿ, ಪುಲ್ಲಿ ಒರೆಸಿ, ಆಮೇಲೆ ಹೊಸದು ಹಾಕಿ. ಸೋಪು, ಮೇಣ, ಅಂಟಿನ ಸ್ಪ್ರೇ ಸದ್ದನ್ನು ಕೆಲವು ದಿನ ಮುಚ್ಚುತ್ತವೆ. ಅಂಟಿಗೆ ಧೂಳು ಮೆತ್ತಿ ಗ್ರೂವ್ ತುಂಬಿಕೊಳ್ಳುತ್ತದೆ.

ಇನ್ನು ಬಿಗಿ ಮಾಡುವ ಕೆಲಸ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಪುಸ್ತಕ ಸಿಗದಿದ್ದರೆ ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ಮಧ್ಯೆ ಹೆಬ್ಬೆರಳಿನಿಂದ ಗಟ್ಟಿಯಾಗಿ, ಸುಮಾರು 10 ಕೆಜಿ ಭಾರದಷ್ಟು ಒತ್ತಿ. ಸಾಮಾನ್ಯ ವಿ-ಬೆಲ್ಟ್ ಹತ್ತು ಮಿಲಿಮೀಟರ್ ಆಸುಪಾಸು ತಗ್ಗಬೇಕು. ಆಲ್ಟರ್ನೇಟರಿನ ಕೆಳಗಿನ ತಿರುಗು ಬೋಲ್ಟನ್ನೂ ಮೇಲಿನ ಪಟ್ಟಿಯ ಬೋಲ್ಟನ್ನೂ ಅರ್ಧ ಸಡಿಲಿಸಿ, ಲಿವರನ್ನು ಮುಂದಿನ ದಪ್ಪ ಭಾಗಕ್ಕೆ ಕೊಟ್ಟು ಎಳೆಯಿರಿ. ಹಿಂದಿನ ಅಲ್ಯುಮಿನಿಯಂ ಮುಚ್ಚಳಕ್ಕೆ ಕೊಟ್ಟರೆ ಅದು ಸೀಳುತ್ತದೆ. ಸದ್ದು ನಿಲ್ಲಲಿ ಎಂದು ವೀಣೆಯ ತಂತಿಯಂತೆ ಬಿಗಿದರೆ ಸದ್ದು ನಿಲ್ಲಬಹುದು, ಆದರೆ ಆಲ್ಟರ್ನೇಟರಿನ ಮುಂದಿನ ಬೇರಿಂಗೂ ವಾಟರ್ ಪಂಪಿನ ಬೇರಿಂಗೂ ಬೇಗ ಹಾಳಾಗುತ್ತವೆ. ಬೆಲ್ಟಿಗೆ ಉಳಿಸಿದ ಹಣಕ್ಕಿಂತ ಎಷ್ಟೋ ಪಟ್ಟು ಅಲ್ಲಿ ಹೋಗುತ್ತದೆ.

ಒಳಮೈಯಲ್ಲಿ ಉದ್ದಕ್ಕೂ ಏಣುಗಳಿರುವ ಅಗಲ ಪಟ್ಟಿಯ ಬೆಲ್ಟ್ ಇದ್ದು ಸ್ಪ್ರಿಂಗ್ ಟೆನ್ಷನರ್ ತಾನಾಗಿ ಎಳೆಯುತ್ತಿದ್ದರೆ ನೀವು ಬಿಗಿ ಮಾಡುವಂತಿಲ್ಲ. ಐಡಲಿನಲ್ಲಿ ಅದರ ತೋಳು ಬಹಳ ಕುಣಿಯುತ್ತಿದ್ದರೆ ಸ್ಪ್ರಿಂಗ್ ಸತ್ತಿದೆ ಎಂದು ತಿಳಿಯಿರಿ.

ಹೊಸ ಬೆಲ್ಟ್ ತರುವಾಗ ಹಳೆಯದರ ಬೆನ್ನ ಮೇಲಿನ ನಂಬರ್ ನೋಡಿ. 6ಪಿಕೆ1750 ಎಂದರೆ ಆರು ಏಣು, ಉದ್ದ 1750 ಮಿಲಿಮೀಟರ್. ಒಂದೇ ಪುಲ್ಲಿಯಲ್ಲಿ ಜೋಡಿ ವಿ-ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ, ಇಲ್ಲವಾದರೆ ಹೊಸದೊಂದೇ ಎಲ್ಲ ಲೋಡ್ ಹೊರುತ್ತದೆ. ಹಾಕಿದ ಮೇಲೆ ಪ್ರತಿ ಪುಲ್ಲಿಯಲ್ಲೂ ಏಣುಗಳು ಗ್ರೂವಿನಲ್ಲೇ ಕೂತಿವೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಗ್ರೂವ್ ಸರಿದು ಕೂತರೂ ಬೆಲ್ಟ್ ಅಂಚಿನಿಂದ ಹರಿಯುತ್ತದೆ. ಹೊಸ ವಿ-ಬೆಲ್ಟ್ ಮೊದಲು ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತದೆ. ಹದಿನೈದು ನಿಮಿಷ ಓಡಿಸಿ, ಇಂಜಿನ್ ಆರಲು ಬಿಟ್ಟು, ಹೆಬ್ಬೆರಳಿನಿಂದ ಮತ್ತೊಮ್ಮೆ ಒತ್ತಿ ನೋಡಿ, ಬೇಕಿದ್ದಷ್ಟು ಎಳೆದು ಬೋಲ್ಟ್ ಬಿಗಿಯಿರಿ.