ದಿನಕ್ಕೆ ಹದಿನಾರು ರೂಪಾಯಿ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಮುಂದೆ ಎರಡು ಸಂಬಳದ ಚೀಟಿಗಳಿವೆ. ಒಂದು 2020ರ ಫೆಬ್ರವರಿಯದು, ಇನ್ನೊಂದು ಅದೇ ವರ್ಷದ ಆಗಸ್ಟ್ ತಿಂಗಳದು. ಎರಡೂ ನನ್ನವೇ. ಪರ್ಸಿನಲ್ಲಿ ಮಡಚಿಟ್ಟು ಮಡಿಕೆ ಬಿದ್ದ ಕಡೆ ಅಕ್ಷರ ಮಾಸಿವೆ. ಬೇಸಿಕ್, ಡಿಎ, ಪಿಎಫ್, ಇಎಸ್‌ಐ, ಓಟಿ ಅಂತ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಕೊನೆಯಲ್ಲಿ ಕೈಗೆ ಬರುವ ಮೊತ್ತ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನಾನು ಹದಿಮೂರು ವರ್ಷ ಟೈಲರ್ ಆಗಿದ್ದೆ. ಬಹಳ ವರ್ಷ ಆ ಕೊನೆಯ ಸಾಲು ಬಿಟ್ಟು ಬೇರೆ ಏನನ್ನೂ ಓದಿರಲಿಲ್ಲ.

ಇವತ್ತು ಡಿಎ ಅನ್ನುವ ಸಾಲಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ತುಟ್ಟಿಭತ್ಯೆ ಅಂತಾರಲ್ವಾ, ಅದು.

ನಾನು ಮಾಡುತ್ತಿದ್ದದ್ದು ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಹಿಂದಿನ ಮಷಿನ್‌ನಿಂದ ಬಂಡಲ್ ಬರುತ್ತದೆ. ಕುತ್ತಿಗೆಯ ಸುತ್ತಳತೆಗೆ ಕಾಲರ್ ಹಿಡಿದು, ಎರಡೂ ತುದಿ ಸಮ ಬರುವ ಹಾಗೆ ಮಧ್ಯದ ಗುರುತಿಗೆ ಗುರುತು ಕೂರಿಸಿ ಹೊಲಿಯಬೇಕು. ನೂಲಿನ ಎಳೆಯಷ್ಟು ಜಾರಿದರೂ ಚೆಕಿಂಗ್‌ನಲ್ಲಿ ವಾಪಸ್ ಬರುತ್ತದೆ. ಗಂಟೆಗೆ ಇಷ್ಟು ಪೀಸ್ ಅಂತ ಬ್ಯಾಚಿನ ಬೋರ್ಡಿನ ಮೇಲೆ ಬರೆದಿರುತ್ತಾರೆ. ಒಂದು ಗಂಟೆ ಹಿಂದೆ ಬಿದ್ದರೆ ಮುಂದಿನ ಗಂಟೆಯಲ್ಲಿ ಅದನ್ನೂ ಸೇರಿಸಿ ಕೊಡಬೇಕು. ಪೀಸ್ ಕಟ್ಟಾಗುತ್ತೆ ಅಂತ ನೀರು ಕುಡಿಯೋದನ್ನೇ ಕಮ್ಮಿ ಮಾಡಿದವರು ನಮ್ಮಲ್ಲಿ ಬಹಳ ಜನ. ನೀರು ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು, ಹೋದರೆ ಬಂಡಲ್ ಗುಡ್ಡೆ ಬೀಳುತ್ತದೆ. ನನ್ನ ಪಕ್ಕದ ಮಷಿನ್‌ನ ಅಕ್ಕನಿಗೆ ಮೂತ್ರದ ಸೋಂಕು ಬಂದು ಇಎಸ್‌ಐ ಆಸ್ಪತ್ರೆಗೆ ಓಡಾಡಿದ್ದು ನಾನೇ ನೋಡಿದ್ದೇನೆ.

ಇಂಥ ಕೆಲಸಕ್ಕೆ ಕೊಡುವ ಸಂಬಳ ಕನಿಷ್ಠ ಕೂಲಿ. ಇದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ ಅಂತ ಸರ್ಕಾರ ಗೊತ್ತು ಮಾಡಿದ ಕೂಲಿ. ಆದರೆ ಗಾರ್ಮೆಂಟ್ಸ್‌ನಲ್ಲಿ ಸಾಮಾನ್ಯವಾಗಿ ಅದನ್ನು ದಾಟಿ ಮೇಲೆ ಹೋಗುವುದೂ ಇಲ್ಲ. ಹತ್ತು ವರ್ಷ ಹೊಲಿದವಳಿಗೂ ಹೋದ ವರ್ಷ ಸೇರಿದವಳಿಗೂ ನೂರಿನ್ನೂರು ರೂಪಾಯಿ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ನಮ್ಮ ಸಂಬಳದಲ್ಲಿ ಪ್ರತಿ ವರ್ಷ ಏರುವುದು ಅಂದರೆ ಕನಿಷ್ಠ ಕೂಲಿಯ ಭಾಗವೇ ಆದ ಡಿಎ ಒಂದೇ. ಏಪ್ರಿಲ್ 1 ನಮಗೆ ಎರಡನೇ ಯುಗಾದಿ ಇದ್ದ ಹಾಗೆ. ಹಿಂದಿನ ವರ್ಷ ಅಕ್ಕಿ, ಬೇಳೆ, ಎಣ್ಣೆ, ಬಾಡಿಗೆ ಎಷ್ಟು ಏರಿತು ಅಂತ ಸರ್ಕಾರ ಬೆಲೆ ಸೂಚ್ಯಂಕ ಹಾಕಿ ಲೆಕ್ಕ ಮಾಡುತ್ತದೆ. ಅದಕ್ಕೆ ತಕ್ಕಂತೆ ಡಿಎ ಏರುತ್ತದೆ. ಇದನ್ನು ಇನಾಮು ಅಂದುಕೊಂಡವರಿದ್ದಾರೆ. ಹೋದ ವರ್ಷ ನೂರು ರೂಪಾಯಿಗೆ ಬಂದ ಸಾಮಾನು ಈ ವರ್ಷವೂ ಮನೆಗೆ ಬರಲಿ ಅಂತ ಕೊಡುವ ದುಡ್ಡು ಅದು. ಕೊಡದೆ ಹೋದರೆ ಸಂಬಳ ಇಳಿಸಿದ ಲೆಕ್ಕವೇ.

2020ರ ಏಪ್ರಿಲ್‌ನಿಂದ ಏರಬೇಕಾಗಿದ್ದ ಡಿಎ ತಿಂಗಳಿಗೆ 417 ರೂಪಾಯಿ 60 ಪೈಸೆ. ತಿಂಗಳಿಗೆ 26 ದಿನದ ಕೆಲಸ ಅಂತ ಹಿಡಿದರೆ ದಿನಕ್ಕೆ ಹದಿನಾರು ರೂಪಾಯಿ. ಆಗಿನ ರೇಟಿನಲ್ಲಿ ಹೆಚ್ಚುಕಮ್ಮಿ ಅರ್ಧ ಲೀಟರ್ ಹಾಲಿನ ದುಡ್ಡು. ಆ ವರ್ಷ ಜುಲೈ 20ರಂದು ರಾಜ್ಯ ಸರ್ಕಾರ ಒಂದು ಆದೇಶ ಮಾಡಿತು. ಕೊರೊನಾದಿಂದ ಉದ್ಯಮ ಕಷ್ಟದಲ್ಲಿದೆ, ಆದ್ದರಿಂದ 2021ರ ಮಾರ್ಚ್ 31ರ ತನಕ ಡಿಎ ಮುಂದಕ್ಕೆ ಹಾಕಲಾಗಿದೆ ಅಂತ.

ಉದ್ಯಮಕ್ಕೆ ಕಷ್ಟ ಬಂದಿದ್ದು ಸುಳ್ಳಲ್ಲ. ಹೊರದೇಶದ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದ್ದವು. ಆದರೆ ನಮ್ಮ ಮನೆಗಳಲ್ಲಿ ಏನಾಗಿತ್ತು? ಲಗ್ಗೆರೆ, ಹೆಗ್ಗನಹಳ್ಳಿಯ ಒಂಟಿ ಕೋಣೆಯ ಮನೆಗಳಲ್ಲಿ ಬಾಡಿಗೆ ಬಾಕಿ ನಿಂತಿತ್ತು. ಗಂಡಂದಿರ ಪೇಂಟಿಂಗ್, ಗಾರೆ ಕೆಲಸ ನಿಂತಿತ್ತು. ಅಂಥ ಹೊತ್ತಿನಲ್ಲಿ ಹಾಲಿನ ದುಡ್ಡು ಕಡಿದರು.

ನಮ್ಮ ಬ್ಯಾಚಿನಲ್ಲಿ ಪಿಯುಸಿ ಓದಿದ್ದ ಒಬ್ಬ ಹುಡುಗಿ ಇದ್ದಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಈ ಎರಡು ಚೀಟಿಗಳನ್ನು ಟಿಫಿನ್ ಬಾಕ್ಸಿನ ಮುಚ್ಚಳದ ಮೇಲೆ ಅಕ್ಕಪಕ್ಕ ಇಟ್ಟಳು. "ಅಕ್ಕಾ, ಡಿಎ ನೋಡಿ. ಫೆಬ್ರವರಿಯಲ್ಲೂ ಅಷ್ಟೇ, ಆಗಸ್ಟ್‌ನಲ್ಲೂ ಅಷ್ಟೇ" ಅಂದಳು. ಬೆರಳಿಟ್ಟು ತೋರಿಸಿದಳು. ಅವತ್ತೇ ನಾನು ಮೊದಲ ಸಲ ಆ ಸಾಲನ್ನು ಸರಿಯಾಗಿ ನೋಡಿದ್ದು. ನಾವು ನಾಲ್ಕು ಜನ ಸೇರಿ ಹೆಚ್‌ಆರ್ ಹತ್ತಿರ ಹೋದೆವು. "ಸರ್ಕಾರವೇ ಬೇಡ ಅಂದಿದೆ ಕಣಮ್ಮಾ, ನಾವೇನು ಮಾಡೋದು?" ಅಂದರು.

ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ಕೋರ್ಟು ಆದೇಶಕ್ಕೆ ತಡೆ ಕೊಟ್ಟಿತು. ನಾವು ಮತ್ತೆ ಹೋಗಿ ಕೇಳಿದೆವು. ಈಗ ಉತ್ತರ ಬದಲಾಗಿತ್ತು. "ಕೇಸು ನಡೀತಿದೆ, ಮುಗೀಲಿ." ನಮ್ಮಲ್ಲಷ್ಟೇ ಅಲ್ಲ, ರಾಜ್ಯದ ಬಹಳಷ್ಟು ಕಾರ್ಖಾನೆಗಳಲ್ಲಿ ಹೀಗೇ ಆಯಿತು. ಒಂದು ವರ್ಷ ಕಳೆಯಿತು, ಅದರ ಮೇಲೂ ತಿಂಗಳುಗಳು ಉರುಳಿದವು. 12 ತಿಂಗಳಿಗೆ ಒಬ್ಬೊಬ್ಬಳ 5,011 ರೂಪಾಯಿ. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಅನ್ನುವ ಸಂಸ್ಥೆ 2021ರ ಕೊನೆಯಲ್ಲಿ ಈ ವಿಷಯ ಬಯಲಿಗೆ ತಂದಾಗ, ಹೀಗೆ ಬಾಕಿ ಇದ್ದವರ ಸಂಖ್ಯೆ 4 ಲಕ್ಷಕ್ಕೂ ಹೆಚ್ಚು ಅಂತ ಹೇಳಿತು. ಒಬ್ಬಳ ದಿನದ ಹದಿನಾರು ರೂಪಾಯಿಯನ್ನು 4 ಲಕ್ಷದಿಂದ ಗುಣಿಸಿ ನೋಡಿ. ದಿನಕ್ಕೆ 64 ಲಕ್ಷ ರೂಪಾಯಿ ಆಗುತ್ತದೆ.

ಇಲ್ಲಿ ಸಂಘಟನೆಗಳು ಬಿಡದೆ ಕೇಳಿದವು. ಅಲ್ಲಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿತ್ತು. 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಶುರು ಮಾಡಿದವು. ನನಗೆ ಬಂದ ದುಡ್ಡಿನಲ್ಲಿ ಕೊರಟಗೆರೆ ಹತ್ತಿರದ ನಮ್ಮೂರಿನಲ್ಲಿ ಅಮ್ಮ ಅಡವಿಟ್ಟಿದ್ದ ಓಲೆ ಬಿಡಿಸಿಕೊಂಡೆ.

1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಒಂದು ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ದೆಹಲಿಯ ಏಷ್ಯನ್ ಗೇಮ್ಸ್‌ಗೆ ಸ್ಟೇಡಿಯಂ ಕಟ್ಟಿದ ಕೂಲಿಗಳ ಕೇಸು ಅದು. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದರೆ ಅದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿ ಅದಕ್ಕೆ ಅಡ್ಡ ನಿಲ್ಲುತ್ತದೆ ಅಂತ ಕೋರ್ಟು ಹೇಳಿತು. ನಮ್ಮ ಹಳ್ಳಿ ಮಾತಿನಲ್ಲಿ ಹೇಳಬೇಕಾದರೆ ಬಿಟ್ಟಿ ಚಾಕರಿ. ನಮ್ಮಜ್ಜ ಗೌಡರ ಹೊಲದಲ್ಲಿ ಬಿಟ್ಟಿ ದುಡಿದವರು. ಎಸಿ ಇಲ್ಲದಿದ್ದರೂ ಟ್ಯೂಬ್‌ಲೈಟ್ ಇರುವ, ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಹೋಗುವ ಜಾಗದಲ್ಲಿ ನಾನೂ ಅದನ್ನೇ ಮಾಡುತ್ತಿದ್ದೇನೆ ಅಂತ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಕನಿಷ್ಠ ಕೂಲಿಯನ್ನು ಯಾವ ಲೆಕ್ಕದಲ್ಲಿ ಕಟ್ಟುತ್ತಾರೆ? 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತು. ದುಡಿಯುವವನು ಒಂದು ಪಾಲು, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಒಟ್ಟು ಮೂರು ಪಾಲು. ಒಂದೊಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಮತ್ತು ಬೆಳಕಿಗೆ ನೂರಕ್ಕೆ 20 ಭಾಗ. 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿನ ಖರ್ಚು ಅಂತ ನೂರಕ್ಕೆ ಇನ್ನೂ 25 ಭಾಗ ಸೇರಿಸಬೇಕು ಅಂದಿತು. ಒಳ್ಳೆಯ ಸೂತ್ರ. ಅದನ್ನು ಪ್ರಾಮಾಣಿಕವಾಗಿ ಹಾಕಿ ಕೂಲಿ ಕಟ್ಟಿ ಅಂತಲೇ ಸಂಘಟನೆಗಳು ಇಷ್ಟು ವರ್ಷ ಕೇಳುತ್ತಿರುವುದು.

ಆದರೆ ಆ 0.8 ನನ್ನ ಮನಸ್ಸಿನಲ್ಲಿ ಚುಚ್ಚಿಕೊಂಡು ಕೂತಿದೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಹೆಚ್ಚಿನವರು ಹೆಣ್ಮಕ್ಕಳು. ಎಷ್ಟೋ ಮನೆಗಳಲ್ಲಿ ಅವಳದೇ ದುಡಿಮೆ. ಗಂಡ ತೀರಿಕೊಂಡವರು, ಬಿಟ್ಟುಹೋದವನ ಮಕ್ಕಳನ್ನು ಸಾಕುವವರು, ಮದುವೆಗೆ ಮುಂಚೆಯೇ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು. ವಯಸ್ಸಾದ ಅಪ್ಪ ಅಮ್ಮ ಆ ಮೂರು ಪಾಲಿನಲ್ಲಿ ಎಲ್ಲೂ ಇಲ್ಲ. ವರ್ಷಕ್ಕೆ 72 ಗಜ ಬಟ್ಟೆ ಅಂತ ಬರೆದಿದ್ದಾರಲ್ಲ, ನಮ್ಮ ಒಂದು ಬ್ಯಾಚು ಒಂದು ಗಂಟೆಯಲ್ಲಿ ಅದಕ್ಕಿಂತ ಜಾಸ್ತಿ ಬಟ್ಟೆ ಹೊಲಿದು ಮುಗಿಸುತ್ತಿತ್ತು.

ಸಂಬಳದ ಚೀಟಿಯ ಇನ್ನೊಂದು ಸಾಲು ಪಿಎಫ್, ಅಂದರೆ ಭವಿಷ್ಯ ನಿಧಿ. 2016ರ ಏಪ್ರಿಲ್ 18 ಮತ್ತು 19 ನೆನಪಿದೆಯಾ? ಹೊಸೂರು ರಸ್ತೆಯಲ್ಲಿ, ನಮ್ಮ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿ ಸಾವಿರಾರು ಹೆಣ್ಮಕ್ಕಳು ರಸ್ತೆಗೆ ಬಂದು ಕೂತರು. ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಪಿಎಫ್‌ನಲ್ಲಿ ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ. ಮುಪ್ಪಿಗೆ ಉಳಿಯಲಿ ಅನ್ನುವ ಮಾತು ಕೇಳಲು ಚೆನ್ನಾಗಿದೆ. ಆದರೆ 58ರ ತನಕ ಗಾರ್ಮೆಂಟ್ಸ್‌ನಲ್ಲಿ ಮಷಿನ್ ತುಳಿಯುವವರನ್ನು ನೀವು ನೋಡಿದ್ದೀರಾ? ನಲವತ್ತು ದಾಟಿದರೆ ಕಣ್ಣು ಮಂಜು, ಸೊಂಟ ನೋವು, ಪೀಸ್ ಬರಲ್ಲ ಅನ್ನುವ ಬೈಗುಳ. ನಮಗೆ ಪಿಎಫ್ ಅಂದರೆ ಮಗಳ ಕಾಲೇಜು ಫೀಸು, ಊರಲ್ಲಿ ಹಾಕುವ ಶೀಟಿನ ಮನೆ, ಬಡ್ಡಿ ಸಾಲದಿಂದ ಬಿಡುಗಡೆ. ನಾನೂ ಅವತ್ತು ಜಾಲಹಳ್ಳಿ ಕ್ರಾಸಿನಲ್ಲಿ ಕೂತಿದ್ದೆ. ನಮ್ಮನ್ನು ಯಾವ ಮುಖಂಡರೂ ಕರೆದಿರಲಿಲ್ಲ. ಪೇಪರಿನಲ್ಲಿ ಬಂದ ಸುದ್ದಿ ಫ್ಲೋರಿಂದ ಫ್ಲೋರಿಗೆ ಬಾಯಿಂದ ಬಾಯಿಗೆ ಹರಿಯಿತು, ಅಷ್ಟೇ. ಲಾಠಿ ಬೀಸಿತು, ಅಶ್ರುವಾಯು ಹಾರಿತು, ಬಸ್ಸುಗಳಿಗೆ ಬೆಂಕಿಯೂ ಬಿತ್ತು. ಆ ಬೆಂಕಿ ನೆನೆದರೆ ಈಗಲೂ ಸಂಕಟವಾಗುತ್ತದೆ. 19ರ ಸಂಜೆ ಕೇಂದ್ರ ಸರ್ಕಾರ ಅಧಿಸೂಚನೆ ವಾಪಸ್ ತೆಗೆದುಕೊಂಡಿತು. ದೇಶದ ಎಲ್ಲ ಕಾರ್ಮಿಕರ ಪಿಎಫ್ ದುಡ್ಡು ಅವತ್ತು ಉಳಿದಿದ್ದು ಬೆಂಗಳೂರಿನ ಟೈಲರುಗಳು, ಹೆಲ್ಪರುಗಳಿಂದ.

ಸಂಬಳ ಏರಿಸಿ ಅಂದಾಗಲೆಲ್ಲ ನಮಗೆ ಕೇಳಿಸುವ ಮಾತು ಒಂದಿದೆ. "ಆರ್ಡರೆಲ್ಲ ಬಾಂಗ್ಲಾದೇಶಕ್ಕೆ ಹೋಗುತ್ತೆ." ಬಾಂಗ್ಲಾದೇಶದಲ್ಲಿ ಹೊಲಿಯುವವರೂ 2023ರಲ್ಲಿ ಬೀದಿಗೆ ಬಂದರು. ಅಲ್ಲಿನ ಕನಿಷ್ಠ ಕೂಲಿ 8,000 ಟಾಕಾದಿಂದ 12,500ಕ್ಕೆ ಏರಿತು. ಅವರು ಕೇಳಿದ್ದು ಅದಕ್ಕಿಂತ ಬಹಳ ಜಾಸ್ತಿ. ಅಲ್ಲಿನವರಿಗೆ ನಮ್ಮನ್ನು ತೋರಿಸಿ, ನಮಗೆ ಅಲ್ಲಿನವರನ್ನು ತೋರಿಸಿ ಹೆದರಿಸುವುದು ಇನ್ನಾದರೂ ನಿಲ್ಲಲಿ. ನಮ್ಮ ರಾಜ್ಯದ ಒಳಗೂ ಇದೇ ಆಟ ಇದೆ. ಬೆಂಗಳೂರಿನ ಕನಿಷ್ಠ ಕೂಲಿ ಒಂದು, ತಾಲ್ಲೂಕಿನ ಊರುಗಳದು ಇನ್ನೊಂದು, ಕಡಿಮೆ. ಮಂಡ್ಯ, ಮದ್ದೂರು ಕಡೆ ಕಾರ್ಖಾನೆ ಹೋಗುವುದಕ್ಕೆ ಅದೂ ಒಂದು ಕಾರಣ. ಅಲ್ಲಿ ಹೊಲಿಯುವ ಕಾಲರ್ ಇಲ್ಲಿಯದಕ್ಕಿಂತ ಸಣ್ಣದಾ?

ಸರ್ಕಾರದ ನೆರವು ಬಂದಿಲ್ಲ ಅಂತ ನಾನು ಹೇಳಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾಯಿತು. ಚಾರ್ಜ್ ಉಳಿಸಲು ಮೂರು ಕಿಲೋಮೀಟರ್ ನಡೆಯುತ್ತಿದ್ದವರು ಬಸ್ ಹತ್ತಿದರು. ರಾತ್ರಿ ಮನೆಗೆ ಬೇಗ ಸೇರಿದರು. ಇಂಥ ಆಸರೆ ಇನ್ನೂ ಬೇಕು. ಮುಖ್ಯವಾಗಿ ಕೂಸುಗಳಿಗೆ. 30ಕ್ಕಿಂತ ಹೆಚ್ಚು ಹೆಣ್ಮಕ್ಕಳು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಷ್, ಅಂದರೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆ, ಇರಬೇಕು ಅಂತ ಹಳೆಯ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ನಾನು ದುಡಿದ ಒಂದು ಕಡೆ ಕ್ರೆಷ್ ಅಂತ ಬೋರ್ಡಿತ್ತು, ಆಟದ ಸಾಮಾನು ಗಾಜಿನ ಕಪಾಟಿನಲ್ಲಿತ್ತು. ತಪಾಸಣೆ ದಿನ ಮಾತ್ರ ಬೀಗ ತೆಗೆಯುತ್ತಿದ್ದರು. ನನ್ನ ಮಗ ನಮ್ಮಮ್ಮನ ಹತ್ತಿರ ಊರಿನಲ್ಲಿ ಬೆಳೆದ. ಅವನು ನಡೆಯಲು ಕಲಿತಿದ್ದನ್ನು ನಾನು ಫೋನಿನಲ್ಲಿ ಕೇಳಿದೆ.

ಈಗ ನಾನು ಮಷಿನ್ ಬಿಟ್ಟಿದ್ದೇನೆ. ಭಾನುವಾರ ಭಾನುವಾರ ನಮ್ಮ ಏರಿಯಾದಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಂಬಳದ ಚೀಟಿ ಹಿಡಿದುಕೊಂಡು ಬರುತ್ತಾರೆ. ನಾವು ಮೂರು ಜನ ಕೂತು ಓದಿ ಹೇಳುತ್ತೇವೆ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕನಿಷ್ಠ ಕೂಲಿ ಅದರಲ್ಲೂ ಇದೆ. ಓಟಿಗೆ, ಅಂದರೆ ಹೆಚ್ಚುವರಿ ದುಡಿಮೆಗೆ, ಡಬಲ್ ಅನ್ನುವುದೂ ಇದೆ. ಇದನ್ನು ಮೊದಲು ಹೇಳುತ್ತೇವೆ, ಯಾಕೆಂದರೆ ಕಾನೂನು ಹೋಯಿತಂತೆ ಅಂತ ಹೆದರಿಕೊಂಡೇ ಬರುವವರು ಜಾಸ್ತಿ.

ಹಿಂದಿನ ವಾರದ ಭಾನುವಾರ ಬಂದ ಹುಡುಗಿಗೆ ಇಪ್ಪತ್ತೆರಡು ವರ್ಷ ಇರಬಹುದು. ಹೆಲ್ಪರ್. ಆ ತಿಂಗಳು ಎರಡು ಭಾನುವಾರ ಕೆಲಸಕ್ಕೆ ಹೋಗಿದ್ದಳು. ಚೀಟಿಯಲ್ಲಿ ಓಟಿ ಸಾಲಿನಲ್ಲಿ ಸೊನ್ನೆ. "ಆರ್ಡರ್ ಇಲ್ಲದಾಗ ಎರಡು ದಿನ ಮನೆಗೆ ಕಳಿಸಿದ್ರು ಅಕ್ಕಾ, ಆ ರಜೆಗೆ ಬದಲು ಈ ದುಡಿಮೆ, ಕಾಂಪ್ ಆಫ್ ಅಂತೆ" ಅಂದಳು. ಕಳಿಸಿದ್ದು ಕಂಪನಿ, ದುಡಿದು ತೀರಿಸಿದ್ದು ಇವಳು. ಅದೇ ಬ್ಯಾಚಿನ ಇನ್ನೂ ಹನ್ನೊಂದು ಜನರಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಎಂಟು ಜನ ಚೀಟಿ ತಂದರು. ಎಂಟರಲ್ಲೂ ಓಟಿ ಸೊನ್ನೆ. ಕನ್ನಡದಲ್ಲೇ ಒಂದು ಅರ್ಜಿ ಬರೆದೆವು. ತಾರೀಖು, ಗಂಟೆ, ಬರಬೇಕಾದ ಮೊತ್ತ ಎಲ್ಲ ಹಾಕಿದೆವು. ಒಂಬತ್ತು ಜನ ಸಹಿ ಮಾಡಿದರು. ಆ ಹುಡುಗಿ ತನ್ನ ಸಹಿಯ ಕೆಳಗೆ ಟೋಕನ್ ನಂಬರನ್ನೂ ಬರೆದಳು. ಹದಿನೈದು ದಿನದೊಳಗೆ ಉತ್ತರ ಕೊಡಿ ಅಂತ ಕೇಳಿದ್ದೇವೆ. ಮುಂದಿನ ಸೋಮವಾರಕ್ಕೆ ಹದಿನೈದು ದಿನ ಆಗುತ್ತದೆ. ಅವತ್ತು ಬೆಳಗ್ಗೆ ಎಂಟೂವರೆಗೆ, ಶಿಫ್ಟ್ ಶುರುವಾಗುವ ಮುಂಚೆ, ಒಂಬತ್ತು ಜನವೂ ಒಟ್ಟಿಗೆ ಹೆಚ್‌ಆರ್ ಬಾಗಿಲಿಗೆ ಹೋಗುತ್ತಾರೆ. ಗೇಟಿನ ಹೊರಗೆ ನಾನಿರುತ್ತೇನೆ.

ನಮಸ್ಕಾರ.