ಎದುರು ಮನೆಯ ತಟ್ಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕವಳಿದ್ದಾಗ ಶನಿವಾರ ಸಂಜೆಯಾದರೆ ನಮ್ಮ ಬೀದಿಯಲ್ಲಿ ಒಂದು ದನಿ ಕೇಳುತ್ತಿತ್ತು. ಬೀದಿಯ ಕೊನೆಯಲ್ಲಿ ಹೆಂಚಿನ ಮಾಡಿನ ಒಂದು ಹಾಲ್ ಇತ್ತು. ಅಲ್ಲಿ ಒಬ್ಬರು ಮೈಕ್ ಹಿಡಿದು ನಂಬರ್ ಕೂಗುತ್ತಿದ್ದರು. "ಟೂ ಲಿಟ್ಲ್ ಡಕ್ಸ್, ಟ್ವೆಂಟಿ ಟೂ." ಎರಡು ಬಾತುಕೋಳಿ ಅಂದರೆ 22. "ಲೆಗ್ಸ್ ಇಲೆವೆನ್." ಎರಡು ಕಾಲು ಅಂದರೆ 11. ಮಗ್ಗಿ ಸರಿಯಾಗಿ ಬರುವ ಮೊದಲೇ ಇವೆಲ್ಲ ನಮಗೆ ಬಾಯಿಪಾಠವಾಗಿದ್ದವು.

ಅದು 1970ರ ದಶಕ. ಅಪ್ಪನಿಗೆ ತುಮಕೂರಿನಿಂದ ಬೆಂಗಳೂರಿಗೆ ವರ್ಗವಾಗಿತ್ತು. ದಂಡು ಪ್ರದೇಶದ ಕಾಕ್ಸ್ ಟೌನ್ ಹತ್ತಿರ ಬಾಡಿಗೆ ಮನೆ ಸಿಕ್ಕಿತು. ಸುತ್ತಮುತ್ತ ತಮಿಳರು, ಉರ್ದು ಮಾತಾಡುವವರು, ಮತ್ತೆ ಆಂಗ್ಲೋ-ಇಂಡಿಯನ್ನರು. ಎದುರು ಮನೆಯಲ್ಲಿ ಒಬ್ಬರು ಆಂಗ್ಲೋ-ಇಂಡಿಯನ್ ನರ್ಸ್ ಇದ್ದರು. ಮೊಣಕಾಲವರೆಗಿನ ಹೂವಿನ ಫ್ರಾಕು, ಕತ್ತರಿಸಿದ ಕೂದಲು. ನಾವು ಆಂಟಿ ಎನ್ನುತ್ತಿದ್ದೆವು. ಬೀದಿ ಕೊನೆಯ ಹಾಲ್ ಅವರ ಜನರದೇ. ಅಮ್ಮನಿಗೆ ಆ ಹಾಲ್ ಕಂಡರೆ ಆಗುತ್ತಿರಲಿಲ್ಲ. "ದುಡ್ಡು ಕೊಟ್ಟು ನಂಬರ್ ಆಡೋದು ಅಂದರೆ ಜೂಜೇ ತಾನೆ? ಆ ಕಡೆ ಹೋಗಬೇಡಿ" ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಅಲ್ಲಿ ಡ್ಯಾನ್ಸ್ ಬೇರೆ ಇರುತ್ತಿತ್ತು. ಪಿಯಾನೊ, ಸ್ಯಾಕ್ಸೊಫೋನ್ ರಾತ್ರಿ ಹನ್ನೊಂದರವರೆಗೂ ಕೇಳಿಸುತ್ತಿದ್ದವು.

ಆಂಗ್ಲೋ-ಇಂಡಿಯನ್ ಅಂದರೆ ಯಾರು? ನಮ್ಮ ಸಂವಿಧಾನದಲ್ಲೇ ಉತ್ತರ ಇದೆ. 366ನೇ ವಿಧಿ ನೋಡಿ. ತಂದೆಯ ಕಡೆಯ ವಂಶದಲ್ಲಿ ಯುರೋಪಿನವರು ಇರಬೇಕು. ತಾವು ಮಾತ್ರ ಭಾರತದಲ್ಲಿ ಹುಟ್ಟಿ, ಇಲ್ಲೇ ನೆಲೆ ನಿಂತಿರಬೇಕು. ಇಲ್ಲೇ ನೆಲೆ ನಿಂತವರು ಎನ್ನುವ ಆ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅವರನ್ನು "ಹೊರಗಿನವರು" ಎಂದು ಎಷ್ಟೋ ಜನ ಸುಮ್ನೆ ಹೇಳಿಬಿಡುತ್ತಾರೆ. ಮುನ್ನೂರು ವರ್ಷಗಳಲ್ಲಿ ಇಂಗ್ಲಿಷರು, ಪೋರ್ಚುಗೀಸರು, ಡಚ್ಚರು, ಫ್ರೆಂಚರು ಇಲ್ಲಿನ ಹೆಣ್ಣುಮಕ್ಕಳ ಜೊತೆ ಸಂಸಾರ ಮಾಡಿದರು. ಆ ಸಂಸಾರಗಳ ಮಕ್ಕಳು, ಮೊಮ್ಮಕ್ಕಳು ಇವರು. ತಾಯಿಯ ಊರು ಇದೇ.

ಕಂಪನಿ ಸರ್ಕಾರ ಈ ಮಕ್ಕಳನ್ನು ಒಂದು ಕಾಲದಲ್ಲಿ ಚೆನ್ನಾಗಿಯೇ ನೋಡಿಕೊಂಡಿತ್ತು. ಆಮೇಲೆ ಅದಕ್ಕೇ ಭಯ ಬಂತು. 1791ರಲ್ಲಿ ಒಂದು ಆದೇಶ ಹೊರಟಿತು. ತಾಯಿ ಭಾರತದವಳಾದರೆ ಮಗನಿಗೆ ಕಂಪನಿಯ ದೊಡ್ಡ ಹುದ್ದೆ ಇಲ್ಲ. ಅತ್ತ ಬಿಳಿಯರು ಸೇರಿಸುವುದಿಲ್ಲ, ಇತ್ತ ನಮ್ಮವರು ಒಪ್ಪುವುದಿಲ್ಲ. ಇಂಥ ಜನಕ್ಕೆ ಕೊನೆಗೆ ಅನ್ನ ಕೊಟ್ಟದ್ದು ರೈಲು ಮತ್ತು ತಂತಿ. 1864ರಲ್ಲಿ ಜೋಲಾರಪೇಟೆಯಿಂದ ನಮ್ಮ ದಂಡು ನಿಲ್ದಾಣಕ್ಕೆ ರೈಲು ಬಂತು. ಹಳಿ ಹೋದ ಕಡೆಗೆಲ್ಲ ಇವರ ಕಾಲೊನಿಗಳೂ ಹೋದವು. ಡ್ರೈವರ್, ಗಾರ್ಡ್, ಸ್ಟೇಷನ್ ಮಾಸ್ಟರ್, ತಂತಿ ಕಚೇರಿಯ ಸಿಗ್ನಲರ್. ರಾತ್ರಿಯೆಲ್ಲ ಎಚ್ಚರ ಇರಬೇಕಾದ ಕೆಲಸಗಳು.

ಬೆಂಗಳೂರಿಗೂ ಅವರಿಗೂ ಇನ್ನೊಂದು ಗಟ್ಟಿ ನಂಟಿದೆ. ಇವತ್ತು ವೈಟ್‌ಫೀಲ್ಡ್ ಅಂದರೆ ಸಾಫ್ಟ್‌ವೇರ್ ಕಂಪನಿ, ಟ್ರಾಫಿಕ್ಕು, ಮೆಟ್ರೊ ಅಲ್ವಾ? ಅದು ಶುರುವಾದದ್ದು ಇವರ ಊರಾಗಿ. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ 3,900 ಎಕರೆ ಜಮೀನು ಕೊಟ್ಟರು. ಕೊಟ್ಟದ್ದು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಅಂಡ್ ಆಂಗ್ಲೋ-ಇಂಡಿಯನ್ ಅಸೋಸಿಯೇಷನ್ನಿಗೆ. ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬ ಮುಖಂಡರು ಮದರಾಸಿನಲ್ಲಿದ್ದರು. ತಮ್ಮ ಜನ ಸರ್ಕಾರಿ ಕೆಲಸವನ್ನೇ ನಂಬಿ ಕೂರಬಾರದು, ಭೂಮಿ ಉಳಬೇಕು ಎಂಬುದು ಅವರ ಕನಸು. ಊರಿಗೆ ಅವರ ಹೆಸರೇ ನಿಂತಿತು. ನಡುವೆ ದುಂಡಗಿನ ಮೈದಾನ, ಅದರ ಸುತ್ತ ಮನೆಗಳು, ಮನೆಗೊಂದು ತೋಟ. ಇನ್ನರ್ ಸರ್ಕಲ್ ಎಂಬ ಹೆಸರು ಇವತ್ತಿಗೂ ಉಳಿದಿದೆ. ಮೆಮೋರಿಯಲ್ ಚರ್ಚ್ ಕೂಡ ಉಳಿದಿದೆ. ಬೇಸಾಯ ಅಷ್ಟಾಗಿ ಕೈ ಹಿಡಿಯಲಿಲ್ಲ. ಪಿಂಚಣಿ ಪಡೆದವರು ನೆಮ್ಮದಿಯಾಗಿ ಇರಲು ಬರುವ ಊರಾಯಿತು. ಆ ಕಡೆ ಹೋದಾಗ ಒಮ್ಮೆ ಇನ್ನರ್ ಸರ್ಕಲ್ ಸುತ್ತಿ ಬನ್ನಿ.

ಮತ್ತೆ ನಮ್ಮ ಬೀದಿಗೆ ಬರುತ್ತೇನೆ. ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಯಿತು. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಬೇಕು ಎಂದರು ಡಾಕ್ಟರು. ಆಗೆಲ್ಲ ಗಾಜಿನ ಸಿರಿಂಜು. ಅದನ್ನು ನೀರಿನಲ್ಲಿ ಕುದಿಸಿ ಇಡಬೇಕು. ಮನೆಯಲ್ಲಿ ಯಾರಿಗೂ ಧೈರ್ಯ ಇಲ್ಲ. ವಿಷಯ ಕೇಳಿ ಆಂಟಿ ತಾವಾಗಿಯೇ ಬಂದರು. ಆಸ್ಪತ್ರೆಗೆ ಡ್ಯೂಟಿಗೆ ಹೋಗುವ ಮೊದಲು, ಬೆಳಗಿನ ಜಾವ ಆರಕ್ಕೆ. ನಮ್ಮಜ್ಜಿ ಮಡಿ ಹೆಂಗಸು. ಮುಟ್ಟಿಸಿಕೊಂಡದ್ದಕ್ಕೆ ಇಂಜೆಕ್ಷನ್ ಆದ ಮೇಲೆ ಮತ್ತೊಮ್ಮೆ ಸ್ನಾನ ಮಾಡುತ್ತಿದ್ದರು. ಆಂಟಿಗೆ ಅದು ಗೊತ್ತಿತ್ತು. ಏನೂ ಅನ್ನಲಿಲ್ಲ. "ಅಜ್ಜಿ, ತಣ್ಣೀರು ಬೇಡ, ಬಿಸಿನೀರು ಹಾಕ್ಕೊಳ್ಳಿ" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಅವರ ಕನ್ನಡ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತದ್ದು. "ನೋವಿದೆಯಾ", "ಊಟ ಆಯ್ತಾ", "ಮಲಗಿ" ಇಂಥ ಮಾತುಗಳೇ ಅದರಲ್ಲಿ ಜಾಸ್ತಿ. ಒಂದೂವರೆ ತಿಂಗಳಾದ ಮೇಲೆ ಅಜ್ಜಿ ಎರಡನೇ ಸ್ನಾನ ಬಿಟ್ಟರು. ಯಾರೂ ಹೇಳಿದ್ದಲ್ಲ. "ನಮ್ಮ ನರ್ಸಮ್ಮ ಇನ್ನೂ ಬಂದಿಲ್ವಾ" ಎಂದು ಬಾಗಿಲು ನೋಡುತ್ತಾ ಕೂರುತ್ತಿದ್ದರು.

ತಿಂಗಳ ಕೊನೆಗೆ ಅಮ್ಮ ಒಂದಿಷ್ಟು ದುಡ್ಡು ಕವರಿನಲ್ಲಿಟ್ಟು ಕೊಡಲು ಹೋದರು. ಆಂಟಿ ಮುಟ್ಟಲಿಲ್ಲ. "ಕೊಡಲೇಬೇಕು ಅಂದರೆ ಶನಿವಾರ ಬನ್ನಿ. ಹೌಸಿಗೆ ಒಂದು ಟಿಕೆಟ್ ತಗೊಳ್ಳಿ" ಎಂದರು. ಅಮ್ಮ ಪೇಚಿಗೆ ಬಿದ್ದರು. ಆದರೂ ಋಣ ಇಟ್ಟುಕೊಳ್ಳಬಾರದಲ್ಲ. ಆ ಶನಿವಾರ ನನ್ನ ಕೈ ಹಿಡಿದುಕೊಂಡು ಹೋದರು.

ಹೌಸಿ ಅಂದರೆ ಆ ನಂಬರ್ ಕೂಗುವ ಆಟ. ಹೌಸಿ, ತಂಬೋಲ ಎರಡೂ ಒಂದೇ. ಟಿಕೆಟ್ಟಿನಲ್ಲಿ ಮೂರು ಸಾಲು, 15 ನಂಬರ್. ಕೂಗುವ ನಂಬರ್ 1ರಿಂದ 90ರವರೆಗೆ. ನಮ್ಮ ನಂಬರ್ ಬಂದರೆ ಅದರ ಮೇಲೆ ಹುಣಸೆಬೀಜ ಇಡುವುದು. ಒಂದು ಸಾಲು ತುಂಬಿದರೆ ಸಣ್ಣ ಬಹುಮಾನ, ಎಲ್ಲಾ ತುಂಬಿದರೆ ದೊಡ್ಡದು. ಅಮ್ಮನಿಗೆ ಏನೂ ಬರಲಿಲ್ಲ. ಆದರೆ ಆಟ ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ರೈಲ್ವೆಯಿಂದ ನಿವೃತ್ತರಾದ ಒಬ್ಬರು ಎದ್ದು ನಿಂತು ಲೆಕ್ಕ ಓದಿದರು. ಟಿಕೆಟ್ ಮಾರಿ ಬಂದದ್ದು ಇಷ್ಟು. ಬಹುಮಾನಕ್ಕೆ, ಹಾಲಿನ ಕರೆಂಟಿಗೆ ಹೋದದ್ದು ಇಷ್ಟು. ಉಳಿದದ್ದು ಇಷ್ಟು. ಅದರಲ್ಲಿ ಒಬ್ಬ ಅಜ್ಜನ ಕನ್ನಡಕ. ಒಬ್ಬ ವಿಧವೆಯ ಮನೆ ಬಾಡಿಗೆ. ಇಬ್ಬರು ಮಕ್ಕಳ ಶಾಲೆ ಶೂ. ಹೆಸರು ಮಾತ್ರ ಓದಲಿಲ್ಲ. ಪಡೆದವರು ಅದೇ ಹಾಲಿನಲ್ಲಿ ಕೂತಿರಬಹುದು, ಅವರಿಗೆ ಮುಜುಗರ ಆಗಬಾರದು ಅಂತ.

ಡ್ಯಾನ್ಸಿನ ಟಿಕೆಟ್ ದುಡ್ಡೂ ಹೀಗೇ ಹೋಗುತ್ತಿತ್ತು. ಕ್ರಿಸ್‌ಮಸ್‌ಗೆ ಮುಂಚೆ ಬಡವರ ಮನೆಗಳಿಗೆ ಅಕ್ಕಿ, ಸಕ್ಕರೆ, ಕೇಕು, ಒಂದು ಕೋಳಿಯ ದುಡ್ಡು ಬುಟ್ಟಿಯಲ್ಲಿ ಹೋಗುತ್ತಿತ್ತು. ಅಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದರು: "ಅದು ಜೂಜಲ್ಲ ಕಣ್ರೀ. ನಮ್ಮ ಕಡೆ ಮುಯ್ಯಿ ಮಾಡ್ತಾರಲ್ಲ, ಹಾಗೆ." ಈ ಮಾತು ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ಬೀದಿಯವರು ಆ ಜನರಲ್ಲಿ ನೋಡಿದ್ದು ಕುಣಿತ, ಕುಡಿತ ಅಷ್ಟೇ. ಸಂತೋಷ ಪಡುವಾಗಲೇ ಇಲ್ಲದವರ ಪಾಲು ತೆಗೆದಿಡುವ ರೂಢಿ ಕಾಣಬೇಕಾದರೆ ಒಳಗೆ ಹೋಗಿ ಕೊನೆಯವರೆಗೂ ಕೂರಬೇಕಿತ್ತು.

ಇವರ ಮನೆಗಳಲ್ಲಿ "ಸರ್ವೀಸ್" ಎನ್ನುವ ಮಾತಿಗೆ ಎರಡು ಅರ್ಥ ಇತ್ತು. "ಮೈ ಡ್ಯಾಡ್ ವಾಸ್ ಇನ್ ಸರ್ವೀಸ್" ಅಂದರೆ ರೈಲ್ವೆ, ಅಂಚೆ-ತಂತಿ, ಕಸ್ಟಮ್ಸ್, ಸೇನೆ. ಇನ್ನೊಂದು ಈ ಹೌಸಿ ಹಾಲಿನದು. 1965ರ ಯುದ್ಧದ ಕೀಲರ್ ಸಹೋದರರ ಹೆಸರು ನೀವು ಕೇಳಿರಬಹುದು. ಟ್ರೆವರ್ ಮತ್ತು ಡೆಂಜಿಲ್, ಇಬ್ಬರೂ ವಾಯುಪಡೆಯವರು. ನ್ಯಾಟ್ ಎಂಬ ಪುಟ್ಟ ವಿಮಾನದಲ್ಲಿ ಹೋಗಿ ಪಾಕಿಸ್ತಾನದ ದೊಡ್ಡ ಸೇಬರ್ ವಿಮಾನಗಳ ಜೊತೆ ಕಾದಾಡಿದರು. ಆ ಮಾದರಿಯ ನ್ಯಾಟ್‌ಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿತ್ತು. ಅಣ್ಣತಮ್ಮ ಇಬ್ಬರಿಗೂ ವೀರ ಚಕ್ರ ಬಂತು. ಡೆಂಜಿಲ್ ಕೀಲರ್ ಏರ್ ಮಾರ್ಷಲ್ ಆಗಿ ನಿವೃತ್ತರಾದ ಮೇಲೆ ಏನು ಮಾಡಿದರು ಗೊತ್ತಾ? ಬುದ್ಧಿಮಾಂದ್ಯ ಮಕ್ಕಳಿಗೆ ಆಟ ಕಲಿಸುವ ಸ್ಪೆಷಲ್ ಒಲಿಂಪಿಕ್ಸ್ ಕೆಲಸಕ್ಕೆ ನಿಂತರು. ಯುದ್ಧದ ಕಥೆಗಿಂತ ಇದು ನನಗೆ ಹೆಚ್ಚು ಇಷ್ಟ.

ಹೆಂಗಸರ ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ಆಗಲೇ ಇವರು ಸೈಕಲ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಆಸ್ಪತ್ರೆ, ಟೆಲಿಫೋನ್ ಎಕ್ಸ್‌ಚೇಂಜ್, ಟೈಪ್‌ರೈಟರ್, ಶಾಲೆ. ಬೆಂಗಳೂರಿನ ಮಕ್ಕಳು ಈಗಲೂ ಟೀಚರನ್ನು "ಮಿಸ್" ಎನ್ನುತ್ತಾರಲ್ಲ, ಅಂಥ ಮಿಸ್‌ಗಳಲ್ಲಿ ಇವರು ಎಷ್ಟೋ ಜನ. ಶಾಲೆಯ ವಿಷಯದಲ್ಲಿ ಸಂವಿಧಾನದ 337ನೇ ವಿಧಿ ಒಂದು ಒಳ್ಳೆಯ ಮಾತು ಬರೆದಿತ್ತು. ಆಂಗ್ಲೋ-ಇಂಡಿಯನ್ ಶಾಲೆಗಳಿಗೆ ಹತ್ತು ವರ್ಷ ಸರ್ಕಾರದ ವಿಶೇಷ ಅನುದಾನ. ಅದು ಬೇಕಾದರೆ ಪ್ರತಿ ವರ್ಷ ಕನಿಷ್ಠ ಶೇ 40 ಸೀಟು ಬೇರೆ ಸಮುದಾಯದ ಮಕ್ಕಳಿಗೆ ಸಿಗುವಂತಿರಬೇಕು. ಹತ್ತು ವರ್ಷ ಮುಗಿದು, ವಿಶೇಷ ಅನುದಾನ ನಿಂತಿತು. ಬಾಗಿಲು ಮಾತ್ರ ತೆರೆದೇ ಇತ್ತು. ಇವತ್ತು ಆ ಶಾಲೆಗಳಲ್ಲಿ ಓದುವವರು ಹೆಚ್ಚಾಗಿ ನಮ್ಮ ನಿಮ್ಮ ಮಕ್ಕಳೇ.

ರೈಲ್ವೆ, ಕಸ್ಟಮ್ಸ್, ಅಂಚೆ-ತಂತಿಯಲ್ಲಿ ಇದ್ದ ಮೀಸಲಾತಿ ಕೂಡ ಎರಡು ವರ್ಷಕ್ಕೊಮ್ಮೆ ಇಳಿಯುತ್ತಾ ಬಂದು 1960ಕ್ಕೆ ಮುಗಿಯಿತು. ಆಗ ಜನ ಗಂಟುಮೂಟೆ ಕಟ್ಟಿದರು. ಕೆಲವರು ಮೊದಲೇ ಇಂಗ್ಲೆಂಡಿಗೆ ಹೋಗಿದ್ದರು. ಆಸ್ಟ್ರೇಲಿಯ 1973ರಲ್ಲಿ ಬಣ್ಣ ನೋಡಿ ಸೇರಿಸುವ ನೀತಿ ಬಿಟ್ಟ ಮೇಲೆ ಮೆಲ್ಬರ್ನ್, ಪರ್ತ್ ಕಡೆ ಹೊರಟವರು ಜಾಸ್ತಿ. ನಮ್ಮ ಬೀದಿಯಲ್ಲೇ ನಾನು ಮೂರು ಮನೆ ಖಾಲಿಯಾದದ್ದನ್ನು ನೋಡಿದ್ದೇನೆ. ಪಿಯಾನೊ ಮಾರಿದರು. ನಾಯಿಯನ್ನು ಪಕ್ಕದ ಮನೆಗೆ ಕೊಟ್ಟರು. ಮುದುಕರು ಉಳಿದರು. "ಇಲ್ಲೇ ಹುಟ್ಟಿದ್ದು, ಇಲ್ಲೇ ಇರ್ತೀನಿ" ಎಂದರು ನಮ್ಮ ಆಂಟಿ. ಮಗ, ಸೊಸೆ ಪರ್ತ್‌ಗೆ ಹೋದರು.

ಒಂದು ಬೇಸರದ ಮಾತೂ ಹೇಳಬೇಕು. ನಮ್ಮ ವಿಧಾನಸಭೆಯಲ್ಲಿ ಗೆದ್ದು ಬರುವ 224 ಜನರ ಜೊತೆ ಒಬ್ಬ ಆಂಗ್ಲೋ-ಇಂಡಿಯನ್ ಸದಸ್ಯರನ್ನು ರಾಜ್ಯಪಾಲರು ನೇಮಿಸುತ್ತಿದ್ದರು. ಲೋಕಸಭೆಯಲ್ಲಿ ಇಬ್ಬರಿಗೆ ಅವಕಾಶ ಇತ್ತು. 104ನೇ ತಿದ್ದುಪಡಿ ಬಂದು, 2020ರ ಜನವರಿ 25ರಿಂದ ಅದು ನಿಂತಿತು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಇರುವುದೇ 296 ಜನ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಸಮುದಾಯದವರು ಅದನ್ನು ಒಪ್ಪಲಿಲ್ಲ. ದಂಡು ಪ್ರದೇಶದಲ್ಲಿ ಬೆಳೆದ ನಾನೂ ಒಪ್ಪಲಾರೆ. ಕಾಕ್ಸ್ ಟೌನ್, ಕುಕ್ ಟೌನ್, ಲಿಂಗರಾಜಪುರದ ಬೀದಿಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಚರ್ಚ್ ಬಿಡುವ ಹೊತ್ತಿಗೆ ನಿಂತು ನೋಡಿ. ಎಣಿಸುವವರು ಸರಿಯಾಗಿ ಎಣಿಸಲಿಲ್ಲ ಎಂದೇ ನನ್ನ ನಂಬಿಕೆ.

ಆ ಭಾನುವಾರದ ಪೂಜೆ ಆದ ಮೇಲೆ ಈಗಲೂ ಕೆಲವರು ಮನೆಗೆ ಹೋಗುವುದಿಲ್ಲ. ಊಟದ ಡಬ್ಬಿ ಹಿಡಿದುಕೊಂಡು, ಮೆಟ್ಟಿಲು ಇಳಿಯಲಾಗದ ಮುದುಕರ ಮನೆಗಳಿಗೆ ಹೋಗುತ್ತಾರೆ. ಹಳದಿ ಕಾಯಿಹಾಲಿನ ಅನ್ನ, ಕೈಮಾ ಉಂಡೆಯ ಸಾರು, ಪೆಪ್ಪರ್ ವಾಟರ್. ಈ ಪೆಪ್ಪರ್ ವಾಟರ್ ನಮ್ಮ ಮೆಣಸಿನ ಸಾರೇ, ಹೆಸರು ಬೇರೆ. ಆಂಟಿಗೂ ಕೊನೆಯ ನಾಲ್ಕು ವರ್ಷ ಹೀಗೆ ಡಬ್ಬಿ ಬಂತು. ತಾವು ಎಷ್ಟೋ ವರ್ಷ ಹೌಸಿ ಟಿಕೆಟ್ ಕೊಂಡ ಹಣ, ಡಬ್ಬಿಯಾಗಿ ಬಂತು ಎನ್ನಬಹುದು. ಒಂಟಿಯಾಗಿದ್ದರೂ ಅನಾಥೆ ಆಗಲಿಲ್ಲ.

ನಮ್ಮ ಎರಡು ಮನೆಗಳ ನಡುವೆ ಒಂದು ಬಿಳಿ ಎನಾಮೆಲ್ ತಟ್ಟೆ ಓಡಾಡುತ್ತಿತ್ತು, ನೀಲಿ ಅಂಚಿನದು. ಕ್ರಿಸ್‌ಮಸ್‌ಗೆ ಆಂಟಿ ಅದರಲ್ಲಿ ಕುಲ್‌ಕುಲ್, ರೋಸ್ ಕುಕ್ಕಿ ತುಂಬಿ ಕಳಿಸುತ್ತಿದ್ದರು. ನಮಗಾಗಿ ಮೊಟ್ಟೆ ಹಾಕದೆ ಬೇರೆ ಹಿಟ್ಟು ಕಲಸಿ, ಬೇರೆ ಎಣ್ಣೆಯಲ್ಲಿ ಕರಿದದ್ದು. ತಟ್ಟೆ ಖಾಲಿ ವಾಪಸ್ ಕೊಡಬಾರದಲ್ಲ. ಯುಗಾದಿಗೆ ಅಮ್ಮ ಅದರಲ್ಲಿ ಹೋಳಿಗೆ ಇಟ್ಟು ಕೊಡುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಕೊನೆಯ ಸಲ ಕ್ರಿಸ್‌ಮಸ್‌ಗೆ ತಟ್ಟೆ ಬಂತು. ಫೆಬ್ರವರಿಯಲ್ಲಿ ಆಂಟಿ ತೀರಿಕೊಂಡರು. ಕಲ್ಪಳ್ಳಿಯಲ್ಲಿ ಮಣ್ಣು ಮಾಡಿದರು. ತಟ್ಟೆ ನಮ್ಮಲ್ಲೇ ಉಳಿಯಿತು.

ಆ ವರ್ಷ ಯುಗಾದಿಗೆ ಅಮ್ಮ ಹೋಳಿಗೆ ಮಾಡಿ, ತಟ್ಟೆ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ತುಂಬಿಕೊಂಡು ಹತ್ತಿರದ ವೃದ್ಧಾಶ್ರಮಕ್ಕೆ ನಡೆದರು. ಆಂಟಿಯ ಜೊತೆ ಕೆಲಸ ಮಾಡಿದ ಇಬ್ಬರು ನರ್ಸುಗಳು ಅಲ್ಲಿದ್ದರು. ಅಮ್ಮ ಈಗಿಲ್ಲ. ನಾನು ಹೋಗುತ್ತೇನೆ. ಅಲ್ಲಿಂದಲೂ ತಟ್ಟೆ ಖಾಲಿ ಬಂದದ್ದಿಲ್ಲ. ಒಂದು ವರ್ಷ ನಾಲ್ಕು ಪೆಪ್ಪರ್‌ಮಿಂಟ್ ಹಾಕಿ ಕೊಟ್ಟರು. ಹೋದ ಯುಗಾದಿಗೆ ಒಬ್ಬ ಅಜ್ಜಿ ಒಳಗೆ ಹೋಗಿ, ಬೆಳಗಿನ ತಿಂಡಿಗೆ ಕೊಟ್ಟಿದ್ದ ಬಾಳೆಹಣ್ಣು ತಿನ್ನದೆ ಇಟ್ಟಿದ್ದನ್ನು ತಂದು ತಟ್ಟೆಯಲ್ಲಿ ಇಟ್ಟರು.

ನಮಸ್ಕಾರ.