ನೊರೆ ಬಂದರೆ ರಕ್ತ, ಬಾರದಿದ್ದರೆ?

ಕೇಳುಗರಿಗೆ ನಮಸ್ಕಾರ.

ಮೊಣಕಾಲು ತರಚಿಕೊಂಡು ಕಾಂಪೌಂಡರ್ ಮುಂದೆ ಕೂತ ನೆನಪು ನಿಮಗೂ ಇದ್ದೀತು. ನೀರಿನಂಥ ಔಷಧಿಯಲ್ಲಿ ಅದ್ದಿದ ಹತ್ತಿ ಗಾಯಕ್ಕೆ ತಾಗಿದ್ದೇ ತಡ, ಬುಸುಬುಸನೆ ಬೆಳ್ಳಗೆ ನೊರೆ. "ಕೀವು ಹೊರಗೆ ಬರ್ತಿದೆ ನೋಡು" ಅನ್ನುತ್ತಿದ್ದರು. ಅದು ಕೀವಲ್ಲ, ಆಮ್ಲಜನಕ. ಆ ಔಷಧಿಯ ಹೆಸರು ಹೈಡ್ರೋಜನ್ ಪೆರಾಕ್ಸೈಡ್. ಅದನ್ನು ನೀರು, ಆಮ್ಲಜನಕವಾಗಿ ಒಡೆಯುವುದು ನಮ್ಮ ಕೆಂಪು ರಕ್ತಕಣದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ. ಅದರ ಒಂದೇ ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳ ಕಥೆ ಮುಗಿಸಬಲ್ಲದು.

ಆ ಕಿಣ್ವವೇ ಇಲ್ಲದಿದ್ದರೆ? 1946ರಲ್ಲಿ ಜಪಾನಿನ ಒಕಾಯಾಮಾದಲ್ಲಿ ಟಕಹಾರಾ ಎಂಬ ವೈದ್ಯರು ಹುಡುಗಿಯೊಬ್ಬಳ ಬಾಯಿಯ ಕೊಳೆತ ಭಾಗ ತೆಗೆದು, ವಾಡಿಕೆಯಂತೆ ಪೆರಾಕ್ಸೈಡ್ ಸುರಿದರು. ನೊರೆ ಬರಲಿಲ್ಲ, ರಕ್ತ ಕಂದುಗಪ್ಪಾಯಿತು. ನರ್ಸ್ ತಪ್ಪಿ ಬೇರೆ ಬಾಟಲಿ ಕೊಟ್ಟರೇನೋ ಅಂದುಕೊಂಡರು. ಬಾಟಲಿ ಸರಿಯಾಗಿಯೇ ಇತ್ತು. ಆಕೆಯ ರಕ್ತದಲ್ಲಿ ಹುಟ್ಟಿನಿಂದಲೇ ಕ್ಯಾಟಲೇಸ್ ಇರಲಿಲ್ಲ.

ಇನ್ನು ಕ್ಯಾನ್ಸರ್ ಮಾತು. ವಿಕಿರಣ ಕೊಡುವಾಗ ಗಡ್ಡೆಯ ಜೀವಕೋಶದಲ್ಲಿ ಆಮ್ಲಜನಕ ಇರಬೇಕು. ಇಲ್ಲದ ಕೋಶವನ್ನು ಕೊಲ್ಲಲು ಸುಮಾರು ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ದೊಡ್ಡ ಗಡ್ಡೆಯ ಒಳಭಾಗಕ್ಕೆ ರಕ್ತವೇ ಸರಿಯಾಗಿ ತಲುಪುವುದಿಲ್ಲ. ಹಾಗಾದರೆ ಪೆರಾಕ್ಸೈಡನ್ನು ರಕ್ತನಾಳಕ್ಕೇ ಹರಿಸಿದರೆ ಆಮ್ಲಜನಕ ಅಲ್ಲಿಗೆ ಹೋಗಬೇಕಲ್ಲ? ಹಾಗೆ ನಂಬಿಸುವವರೂ ಇದ್ದಾರೆ. ಆದರೆ ಅದು ಗಡ್ಡೆ ಮುಟ್ಟುವ ಮೊದಲೇ ರಕ್ತದಲ್ಲಿ ಒಡೆದುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಶೇಕಡಾ 3ರ ದ್ರಾವಣದ 1 ಮಿಲಿಲೀಟರಿನಿಂದ ಏಳುವ ಆಮ್ಲಜನಕ ಸುಮಾರು 10 ಮಿಲಿಲೀಟರ್. ಗಾಯದ ಮೇಲೆ ಅದು ಬರೀ ನೊರೆ. ರಕ್ತನಾಳದೊಳಗೆ ಗುಳ್ಳೆಗಟ್ಟಿ ಹೃದಯಕ್ಕೋ ಮಿದುಳಿಗೋ ಅಡ್ಡ ಕೂತರೆ ಪ್ರಾಣಕ್ಕೇ ಸಂಚಕಾರ. ದಯವಿಟ್ಟು ಈ ಹುಚ್ಚಾಟಕ್ಕೆ ಇಳಿಯಬೇಡಿ.

ಜಪಾನಿನ ಕೋಚಿಯ ವೈದ್ಯ ಯಸುಹಿರೊ ಒಗಾವಾ ಬೇರೆ ದಾರಿ ಹಿಡಿದರು. ರಕ್ತನಾಳದ ಗೊಡವೆಯೇ ಬೇಡವೆಂದು, ತೆಳುವಾದ ಪೆರಾಕ್ಸೈಡನ್ನು ಹಯಲುರೊನೇಟ್ ಎಂಬ ಲೋಳೆಯಲ್ಲಿ ಬೆರೆಸಿ ಸೂಜಿಯಿಂದ ನೇರ ಗಡ್ಡೆಗೇ ಚುಚ್ಚಿದರು. ಲೋಳೆಯಿಂದಾಗಿ ಔಷಧಿ ಗಡ್ಡೆಯಲ್ಲೇ ನಿಂತು ನಿಧಾನವಾಗಿ ಬಿಡುಗಡೆಯಾಗುತ್ತದೆ. ಇದನ್ನೇ ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ವೈದ್ಯರು ಮೊದಲ ಹಂತದಲ್ಲಿ 12 ಮಂದಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿ, 2020ರಲ್ಲಿ ವರದಿ ಪ್ರಕಟಿಸಿದರು. ವಾರಕ್ಕೆರಡು ಸಲ, ಸ್ಕ್ಯಾನ್ ಪರದೆ ನೋಡುತ್ತಾ ಸೂಜಿ ಇಳಿಸಿ, ಆಮೇಲೆ ವಿಕಿರಣ. ಚುಚ್ಚಿದ ಜಾಗದಲ್ಲಿ ಕೆಲವರಿಗೆ ನೋವಾಯಿತು. ಅದಕ್ಕೆ ನೋವಿನ ಮಾತ್ರೆಯನ್ನೂ ಕೊಡಬೇಕಾಯಿತು.